ಶಿವಸಂಗಪ್ಪನ ಕಂಪ್ಯೂಟರ್ ಆಯೇರಿ

ಶಿವನು ಒಬ್ಬೊಬ್ಬ ಭಕ್ತನಿಗೆ ಒಂದೊಂದು ಕೊಡುತ್ತಾನಂತೆ. ಇಳಕಲ್ಲಿನ ಶಿವಸಂಗಪ್ಪನಿಗೆ ಅವನು ಕೊಟ್ಟದ್ದು ದೂರದೃಷ್ಟಿ. ಆ ದೃಷ್ಟಿಗೆ ಹತ್ತಿರದ್ದೇನೂ ಕಾಣುತ್ತಿರಲಿಲ್ಲ ಎಂಬುದು ಬೇರೆ ಮಾತು. ಕೊಡುವವನು ಕೊಟ್ಟ, ಇಸಕೊಂಡವನು ಇಸಕೊಂಡ, ಅನುಭವಿಸುವ ಪಾಳಿ ಮಾತ್ರ ಹೆಂಡತಿ ಕಾಳವ್ವನದಾಯಿತು.

ಹಿಂದೊಮ್ಮೆ ಬಾಗಲಕೋಟೆಯಲ್ಲಿ ಯಾರೋ ದೊಡ್ಡವರು “ಇನ್ನು ಮುಂದೆ ಕಂಪ್ಯೂಟರ್ ಇಲ್ಲದ ಮನೆ, ಬಾಗಿಲಿಲ್ಲದ ಮನೆ” ಎಂದು ಭಾಷಣ ಮಾಡಿದ್ದನ್ನು ಕೇಳಿ ಬಂದವನೇ, ಶಿವಸಂಗಪ್ಪ ಪಡಸಾಲೆಯಲ್ಲಿದ್ದ ಹೆಂಡತಿಯ ಕುಣಿಮಗ್ಗವನ್ನು ಬಿಚ್ಚಿಸಿ ಹಿತ್ತಲ ತಗಡಿನ ಚಪ್ಪರಕ್ಕೆ ಹಾಕಿಸಿದ. ಅವಳು ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ ಕುಣಿಯ ಮೇಲೆ ಫರಸಿ ಕಲ್ಲು ಹಾಸಿ, ಫರಸಿಯ ಮೇಲೆ ಮೇಜು ಇಟ್ಟು, ಮೇಜಿನ ಮೇಲೆ ಹುಬ್ಬಳ್ಳಿಯಿಂದ ತಂದ ಮೂರು ಹಳೆಯ ಕಂಪ್ಯೂಟರುಗಳನ್ನು ಕೂಡ್ರಿಸಿ, ಬಾಗಿಲಿಗೆ ‘ಕಂಪ್ಯೂಟರ್ ಕ್ಲಾಸು’ ಎಂದು ಬೋರ್ಡು ಹೊಡೆಸಿದ. ಒಂದು ಬೇಸಿಗೆ ಹುಡುಗರು ಬಂದರು, ಅದರೊಳಗಿನ ಇಸ್ಪೀಟಿನ ಆಟ ಕಲಿತರು, ಹೋದರು. ಆಮೇಲೆ ಊರಿನ ಎಲ್ಲರ ಕಿಸೆಗೂ ಫೋನು ಬಂತು. ಕಂಪ್ಯೂಟರುಗಳು ಕಾಲ ತಿಳಿದವುಗಳಂತೆ ತಾವಾಗಿಯೇ ಚಾಲೂ ಆಗುವುದನ್ನು ಬಿಟ್ಟವು.

ಶಿವಸಂಗಪ್ಪ ಮಾತ್ರ ಬಿಡಲಿಲ್ಲ. ದಿನಾ ಧೂಳು ಒರೆಸುತ್ತಿದ್ದ. ಮಹಾನವಮಿಯ ಖಂಡೆ ಪೂಜೆಗೆ ಮೂರಕ್ಕೂ ವಿಭೂತಿ ಬಳಿದು ಚೆಂಡು ಹೂವಿನ ಮಾಲೆ ಹಾಕುತ್ತಿದ್ದ. ಯಾರಾದರೂ “ಇವು ನಡೀತಾವೇನ್ರಿ?” ಎಂದರೆ “ಸದ್ಯ ವಿಶ್ರಾಂತಿಯೊಳಗ ಅದಾವ” ಎನ್ನುತ್ತಿದ್ದ. ಹದಿನೈದು ವರ್ಷದ ವಿಶ್ರಾಂತಿ. ಇಂಥ ಸಮಾಧಿಯೋಗ ಹುತ್ತಗಟ್ಟಿ ಕೂತ ಋಷಿಗಳಿಗೂ ಸಾಧಿಸಿರಲಿಕ್ಕಿಲ್ಲ.

ಹೀಗಿರಲು ಒಂದು ಹುಣ್ಣಿಮೆಯ ಮರುದಿನ ಕಾಳವ್ವ ರೊಟ್ಟಿ ಬಡಿಯುತ್ತ ಹೇಳಿದಳು.

“ಸೀರಿ ಸಾಹುಕಾರ್ರು ಹೇಳಿ ಕಳಿಸ್ಯಾರ. ಕುಣಿಮಗ್ಗದಾಗ ನೇದು, ಮೈಯಿನ ಎಳಿಗೆ ಸೆರಗಿನ ಎಳಿ ಕೈಲೆ ಕೊಂಡಿ ಹಾಕಿ ಕೂಡಿಸಿದ ಸೀರಿನ ಬೇಕಂತ. ಕೊಂಡಿ ಹಾಕೋ ಕೈ ಈಗ ಊರಾಗ ಭಾಳ ಉಳಿದಿಲ್ಲ. ಅಮಾಸಿ ದಿನ ಮಗ್ಗಕ್ಕ ಸೂಟಿ. ಮರುದಿನ ನಾ ಹಾಸು ಏರಸ್ತೇನಿ. ಅಷ್ಟರಾಗ ಪಡಸಾಲಿ ಖಾಲಿ ಆಗಬೇಕು. ಹಿತ್ತಲದಾಗ ನೆಲಾ ಬರೇ ಕಲ್ಲು, ಕುಣಿ ತೋಡಾಕ ಬರೂದಿಲ್ಲ.”

“ಆಗದಿದ್ರ?”

“ಕೆಲಸಾ ಮತ್ತೊಬ್ಬರಿಗೆ ಹೋಗತೈತಿ. ಹೋಗಾಕ ನಾ ಬಿಡಾಂಗಿಲ್ಲ. ಮಗ್ಗ ತಗೊಂಡು ಬಾದಾಮಿಗೆ ನಮ್ಮಣ್ಣನ ಮನಿಗೆ ಹೋಗ್ತೇನಿ. ನಿಮಗೇನು, ಕಂಪ್ಯೂಟರ್ ಅದಾವ. ರೊಟ್ಟಿ ಬಡಸ್ಕೋರಿ.”

ಕಾಳವ್ವ ದನಿ ಏರಿಸಲಿಲ್ಲ. ದನಿ ಏರಿಸದ ಹೆಂಡತಿಗೆ ಅಂಜಬೇಕು ಎಂದು ಪುರಾಣ ಹೇಳುವವರು ಹೇಳುವುದಿಲ್ಲ, ಯಾಕೆಂದರೆ ಅವರ ಹೆಂಡಂದಿರೂ ಕೇಳಲು ಕೂತಿರುತ್ತಾರೆ.

ಎದುರುಗಡೆಯೇ ಶಾಬುದ್ದೀನನ ಗುಜರಿ ಗೋದಾಮು. ಕರೆದ ಕೂಡಲೇ ತಕ್ಕಡಿ ಹಿಡಿದುಕೊಂಡೇ ಬಂದ.

“ತೂಕದ ಲೆಕ್ಕದಾಗ ತಗೋತೇನ್ರಿ ಕಾಕಾರ. ಕಬ್ಬಿಣಕ್ಕ ಕಬ್ಬಿಣದ ರೇಟು, ಪ್ಲಾಸ್ಟಿಕಿಗೆ ಪ್ಲಾಸ್ಟಿಕಿನ ರೇಟು.”

“ಮತ್ತ ಒಳಗಿನ ಬುದ್ಧಿಗೆ?”

“ಬುದ್ಧಿ ನಾವು ತಗೊಳ್ಳಾಂಗಿಲ್ರಿ. ತಕ್ಕಡಿಗೆ ಹತ್ತೂದಿಲ್ಲ ಅದು.”

ಮಾನವಂತನಾದವನು ಇಂಥ ಮಾತು ಕೇಳಿ ಸುಮ್ಮನಿರುವುದುಂಟೆ. “ಉಳ್ಳಾಗಡ್ಡಿ ತೂಗೋ ತಕ್ಕಡ್ಯಾಗ ವಿದ್ಯಾ ತೂಗಾಕ ಬಂದೀಯೇನು ಲೇ” ಎಂದು ಶಿವಸಂಗಪ್ಪ ಅವನನ್ನು ಹೊಸ್ತಿಲಿಂದಲೇ ಸಾಗಹಾಕಿದ. ಶಾಬುದ್ದೀನ ನಗುತ್ತಲೇ ಹೋದ. ಗುಜರಿಯವರಿಗೆ ಗೊತ್ತು, ಇವತ್ತು ವಿದ್ಯೆಯಾದದ್ದು ನಾಳೆ ಕಬ್ಬಿಣವಾಗುತ್ತದೆ. ಕಾಯಬೇಕು ಅಷ್ಟೆ.

ಮರುದಿನ ಮುಂಜಾನೆ ಕಸದ ಗಾಡಿ ಹಾಡು ಹಚ್ಚಿಕೊಂಡು ಓಣಿಗೆ ಬಂತು. ಶಿವಸಂಗಪ್ಪ ಒಂದು ಮಾನಿಟರನ್ನು ಕೂಸಿನಂತೆ ಎದೆಗವಚಿಕೊಂಡು ಹೊರಗೆ ಬಂದ. ಗಾಡಿಯ ಸವಿತಾ ಕೇಳಿದಳು:

“ಹಸಿ ಕಸಾನೋ, ಒಣ ಕಸಾನೋ?”

“ಕಸ ಅಲ್ಲವಾ ಇದು. ಕಂಪ್ಯೂಟರು.”

“ಕಸ ಅಲ್ಲಂದ್ರ ಕಸದ ಗಾಡಿಗೆ ಯಾಕ ತಂದ್ರಿ?”

ಗಾಡಿ ಹಾಡುತ್ತ ಮುಂದೆ ಹೋಯಿತು. ಶಿವಸಂಗಪ್ಪ ಕೂಸನ್ನು ಎತ್ತಿಕೊಂಡೇ ಕಸದ ವಿಚಾರ ನೋಡುವ ಸಾಹೇಬರ ಕಚೇರಿಗೆ ಹೋದ. ಸಾಹೇಬರು ಕುರ್ಚಿಗೆ ಒರಗಿ, ಕಣ್ಣು ಅರೆಮುಚ್ಚಿ ಅಪ್ಪಣೆ ಕೊಡಿಸಿದರು.

“ಇದು ಇ-ತ್ಯಾಜ್ಯ. ಇದರ ಸಲುವಾಗಿ ಮ್ಯಾಲೆ ಒಂದು ಕಮಿಟಿ ಆಗೇತಿ.”

“ಕಮಿಟಿ ಇದನ್ನ ತಗೋತೈತೇನ್ರಿ ಸಾಹೇಬ್ರ?”

“ತಗೊಳ್ಳಾಂಗಿಲ್ಲ. ವಿಚಾರ ಮಾಡತೈತಿ.”

ಅಷ್ಟರಲ್ಲಿ ಚಹಾ ಬಂತು. ಸಿಪಾಯಿ ತಾಟನ್ನು ಇಟ್ಟದ್ದು ಒಂದು ಸತ್ತ ಮಾನಿಟರಿನ ಮೇಲೆ. ಅದರ ಪಕ್ಕದ ಇನ್ನೆರಡರ ಮೇಲೆ ಸಾಹೇಬರ ಛತ್ರಿಯೂ ಊಟದ ಡಬ್ಬಿಯೂ ಇದ್ದವು. ಸಾಹೇಬರು ಬಾಗಿಲ ಕಡೆ ನೋಡಿ ದನಿ ಇಳಿಸಿದರು. “ನಿಮಗೇನರ ಹಾದಿ ಸಿಕ್ರ ನಮಗೂ ಹೇಳ್ರಿ. ಭಾಳ ಜಾಗಾ ತಿಂತಾವು.”

ಹಾದಿ ಸಿಕ್ಕಿದ್ದು ಹುನಗುಂದದಿಂದ ಬಂದ ಆಮಂತ್ರಣದೊಳಗೆ. ಮಗಳು ಶ್ರುತಿಯ ಮಾವ ಮಹಾಂತಪ್ಪ ಹೊಸ ಮನೆ ಕಟ್ಟಿಸಿದ್ದರು, ವಾಸ್ತುಶಾಂತಿಗೆ ಕರೆದಿದ್ದರು. ಬೀಗರ ಮನೆಗೆ ಬರಿಗೈಲೆ ಹೋಗಲಾಗದು, ಆಯೇರಿ ಒಯ್ಯಬೇಕು. ನಮ್ಮ ಕಡೆ ಆಯೇರಿ ಎಂದರೆ ಸುಮ್ಮನೆ ಕೊಡುವ ಸೀರೆ ರುಮಾಲು ಅಲ್ಲ. ಕುಂಕುಮ ಹಚ್ಚಿ ಕೊಟ್ಟದ್ದನ್ನು ಒಲ್ಲೆ ಎನ್ನುವಂತಿಲ್ಲ, ಇಸಕೊಂಡವರು ಮುಯ್ಯಿ ತೀರಿಸದೆ ಇರುವಂತಿಲ್ಲ, ತೀರಿಸುವಾಗ ಒಂದು ಕೈ ಮೇಲೆಯೇ ಇರಬೇಕು. ಯಾರು ಯಾರಿಗೆ ಏನು ಕೊಟ್ಟರು ಎಂಬುದು ಶಿವಸಂಗಪ್ಪನ ತಾಯಿ ಬಸಲಿಂಗವ್ವನಿಗೆ ಬಾಯಿಪಾಠ. ಪಡಸಾಲೆಯ ಮೂಲೆಯಲ್ಲಿ ಕಂಬಕ್ಕೊರಗಿ, ಕಣ್ಣು ಮುಚ್ಚಿ, ರಾಗ ಎಳೆದು ಹೇಳುವಳು.

“ಶ್ರುತಿ ಮದುವ್ಯಾಗ ಮಹಾಂತಪ್ಪ ನಿನಗ ರೇಶ್ಮಿ ರುಮಾಲ ಸುತ್ಯಾನ, ಕಾಳವ್ವಗ ಗೋಮಿ ದಡಿ ಸೀರಿ ಉಡಿಸ್ಯಾನ, ನನಗ ಕೌದಿಯಂಥಾ ಶಾಲು ಹೊಚ್ಯಾನ. ಕಡಿಮಿ ಆಗಬಾರದೋ ಸಂಗ್ಯಾ.”

“ಕಡಿಮಿ ಅಲ್ಲಬೇ ಯವ್ವಾ,” ಎಂದ ಶಿವಸಂಗಪ್ಪ ಎದ್ದು ನಿಂತು. “ಹುನಗುಂದ ತಾಲೂಕಿನಾಗ ಯಾರೂ ಕೊಟ್ಟಿಲ್ಲ, ಅಂಥಾದ್ದು ಕೊಡ್ತೇನಿ.”

ಆ ವಿಷಯದಲ್ಲಿ ಅವನು ಸುಳ್ಳಾಡಲಿಲ್ಲ.

ಬೀಗರ ಹೊಸ ಮನೆಯ ಮುಂದೆ ಪೆಂಡಾಲು ಹಾಕಿ, ಆಯೇರಿಯನ್ನು ಮೈಕಿನಲ್ಲಿ ಕೂಗುತ್ತಿದ್ದರು. ಒಬ್ಬರದು ಕೊಡ, ಒಬ್ಬರದು ಸೀರೆ, ಒಬ್ಬರದು ಗೋಡೆ ಗಡಿಯಾರ. ಟೆಂಪೋದಿಂದ ಕಂಪ್ಯೂಟರು ಇಳಿಯಿತು. ಕಾಳವ್ವನ ಹಳೆಯ ಸೀರೆ ಹೊದ್ದು, ಹಣೆಗೆ ಕುಂಕುಮ ಇಟ್ಟುಕೊಂಡು, ಕೀಬೋರ್ಡಿನ ಮೇಲೆ ಐದು ಕೊಬ್ಬರಿ ಬಟ್ಟಲು, ಒಂದು ಕುಬಸದ ಖಣ ಹೊತ್ತು ಅದು ಮದುಮಗಳಂತೆ ಪೆಂಡಾಲು ಹೊಕ್ಕಿತು. ಮೈಕಿನವನು ಚೀಟಿಯನ್ನು ಎರಡು ಸಲ ಓದಿ ಕೂಗಿದ.

“ಇಳಕಲ್ಲ ಬೀಗರಿಂದ... ಒಂದು... ಇಡೀ ಒಂದು ಕಂಪ್ಯೂಟರ್.”

ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಗಡಿಯಾರ ಕೊಟ್ಟವನು ಚಪ್ಪಲಿ ಹುಡುಕತೊಡಗಿದ. ಮಹಾಂತಪ್ಪ ಎರಡೂ ಕೈ ಜೋಡಿಸಿ “ಇಷ್ಟು ದೊಡ್ಡದು ಯಾಕ್ರಿ ಬೀಗರ” ಎಂದರು. ಅವರ ಮುಖದಲ್ಲಿ ನಗೆ ಇತ್ತು, ನಗೆಯ ಹಿಂದೆ ಮುಯ್ಯಿಯ ಚಿಂತೆ ಇತ್ತು. ಶಿವಸಂಗಪ್ಪನಿಗೆ ನಗೆ ಕಂಡಿತು. ಹತ್ತಿರದ್ದು ಕಾಣುವುದಿಲ್ಲ ಎಂದೆನಲ್ಲ, ನಗೆಯಾದರೂ ಕಂಡದ್ದು ಅವನ ಪುಣ್ಯ.

ಎರಡನೆಯದು ಹೋದದ್ದು ಬಾಜೂ ಮನೆಯ ಅಹ್ಮದಸಾಬರಿಗೆ. ಕಲ್ಲು ಪಾಲಿಶ್ ಮಾಡುವ ಕಾರಖಾನೆ ಇಟ್ಟವರು, ಮಾತಿಗೂ ಪಾಲಿಶ್ ಇದ್ದವರು. ಮೊಮ್ಮಗಳು ಮುಬಶೀರಾಳಿಗೆ ಅಕ್ಷರ ಶುರು ಮಾಡುವ ಬಿಸ್ಮಿಲ್ಲಾ ಇತ್ತು. ಅಕ್ಷರಕ್ಕೆ ಕಂಪ್ಯೂಟರಿಗಿಂತ ಒಪ್ಪುವ ಆಯೇರಿ ಇನ್ನೇನು. ಮಗು ಅದನ್ನು ನೋಡಿ “ದಾದಾ, ಈ ಟೀವಿ ಯಾಕ ಸತ್ತೈತಿ?” ಎಂದಿತು. ಅಹ್ಮದಸಾಬರು ಮಗುವಿನ ಬಾಯಿಗೆ ಒಣ ಖರ್ಜೂರ ಇಟ್ಟು, “ಶಿವಸಂಗಪ್ಪಾರ, ನಿಮ್ಮ ಪ್ರೀತಿಗೆ ಏನಂತ ಹೇಳ್ಲಿ. ಇದನ್ನ ನಾ ಮರಿಯಾಂಗಿಲ್ಲ” ಎಂದರು. ಅವರ ಹೆಂಡತಿ ಬಿಬಿಜಾನ ಗಂಡನ ಕಡೆ ನೋಡಿದ ನೋಟದಲ್ಲಿ, ಮರೆಯುವುದಿಲ್ಲ ಎಂಬುದಕ್ಕೆ ಸಾಕ್ಷಿ ಇತ್ತು.

ಮೂರನೆಯದು ಬಾದಾಮಿಗೆ ಹತ್ತಿದ ಬನಶಂಕರಿಯಲ್ಲಿ ಹೊಸ ಖಾನಾವಳಿ ತೆಗೆದ ಕಾಳವ್ವನ ಅಣ್ಣ ಈರಪ್ಪನಿಗೆ ಹೋಯಿತು. ಈರಪ್ಪ ಅದನ್ನು ರೊಕ್ಕದ ಗಲ್ಲೆಯ ಪಕ್ಕ ಇಟ್ಟು ಅದರ ಮೇಲೆ ಮಜ್ಜಿಗೆ ಕೊಡ ಇಟ್ಟ.

ಪಡಸಾಲೆ ಖಾಲಿಯಾಯಿತು. ಫರಸಿ ಎಬ್ಬಿಸಿದರೆ ಕುಣಿ ಹಂಗೆಯೇ ಇತ್ತು. ಕಾಳವ್ವ ಅದರೊಳಗಿನ ಮಣ್ಣು ತೆಗೆದು, ಸಗಣಿ ಸಾರಿಸಿ, ಅಂಚಿನ ಮೇಲೆ ಕೂತು ಕಾಲು ಇಳಿಬಿಟ್ಟು ನೋಡಿದಳು. ಹದಿನೈದು ವರ್ಷದ ಮೇಲೆ ಅವಳ ಕಾಲು ಹಳೆಯ ಜಾಗ ಮುಟ್ಟಿತು. ಆ ದಿನ ಗಂಡನ ತಾಟಿಗೆ ಕೇಳದೆಯೇ ಬೆಣ್ಣೆ ಬಿತ್ತು.

ಬಸಲಿಂಗವ್ವ ಕಂಬಕ್ಕೊರಗಿದವಳು ಕಣ್ಣು ತೆರೆಯದೆ ನುಡಿದಳು.

“ಕೊಟ್ಟದ್ದು ಹೋಗಂಗಿಲ್ಲೋ ಸಂಗ್ಯಾ. ತಿರುಗಿ ಬರತೈತಿ. ಮರಿ ಹಾಕ್ಕೊಂಡು ಬರತೈತಿ.”

“ಕಂಪ್ಯೂಟರ್ ಮರಿ ಹಾಕಾಂಗಿಲ್ಲಬೇ.”

“ಆಯೇರಿ ಹಾಕತೈತಿ.”

ಅಮಾವಾಸ್ಯೆ ಇನ್ನೂ ವಾರವಿದ್ದಾಗ ಶ್ರುತಿಯ ಕುಬಸ ಬಂತು. ಬಸುರಿ ಮಗಳನ್ನು ತವರಿಗೆ ಕರೆತಂದು, ಹಸಿರು ಸೀರೆ ಉಡಿಸಿ, ಉಡಿ ತುಂಬುವ ಕಾರ್ಯ. ಹೂವು, ಬಳೆ, ಹೋಳಿಗೆ ಎಲ್ಲ ಸಿದ್ಧವಿತ್ತು. ಹಾಡುವ ಹೆಂಗಸರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಆಗ ಓಣಿಯ ತಿರುವಿನಲ್ಲಿ ಹುನಗುಂದದ ಟೆಂಪೋ ಕಂಡಿತು.

ಮುಂದೆ ಅಳಿಯ ಯುವರಾಜ, ಹಿಂದೆ ಮಹಾಂತಪ್ಪ, ಅವರ ಹಿಂದೆ ಎರಡು ಕಂಪ್ಯೂಟರು, ಎಮ್ಮೆಗರುವಿನಷ್ಟು ದೊಡ್ಡದೊಂದು ಪ್ರಿಂಟರು. ಎಲ್ಲದರ ಹಣೆಗೂ ಕುಂಕುಮ.

“ಏನ್ರಿ ಬೀಗರ ಇದು?” ಎಂದ ಶಿವಸಂಗಪ್ಪ. ಅವನ ದನಿ ಕುಣಿಯೊಳಗಿಂದ ಬಂದಂತಿತ್ತು.

“ನೀವು ಒಂದು ಕೊಟ್ರಿ. ನಾವು ಒಂದ ಕೊಟ್ರ ನಾಲ್ಕು ಮಂದಿ ಏನಂದಾರು? ಪರಿಚಯದ ಒಂದು ಆಫೀಸು ಮುಚ್ಚಿತ್ತು, ತರಿಸೀವಿ.”

“ಬೀಗರ, ನಾ ಕೊಟ್ಟದ್ದನ್ನ... ಚಾಲೂ ಮಾಡಿ ನೋಡಿದ್ರೇನು?”

“ಆಯೇರಿ ಸೀರಿ ಮಡಿಕಿ ಬಿಚ್ಚಿ ನೋಡ್ತಾರೇನ್ರಿ?” ಎಂದರು ಮಹಾಂತಪ್ಪ ನೊಂದವರಂತೆ. “ಹಂಗ ಇಟ್ಟೀವಿ. ಮುಂದಿನವರಿಗೆ ಹಂಗ ಕೊಡ್ತೀವಿ.”

ಅದು ಇಳಿಯುವುದರೊಳಗೆ ಅಹ್ಮದಸಾಬರು ಬಂದರು. ಕಾರಖಾನೆಯ ಇಬ್ಬರು ಆಳುಗಳು ಹೊತ್ತು ತಂದದ್ದರ ಮೇಲೆ ಬೆರಳು ದಪ್ಪ ಕೆಂಪು ಕಲ್ಲಿನ ಪುಡಿ. ಯಾವುದು ಕುಂಕುಮ ಯಾವುದು ಕಲ್ಲು ಎಂದು ತಿಳಿಯದೆ ಮುತ್ತೈದೆಯರು ಎರಡನ್ನೂ ಹಣೆಗೆ ಹಚ್ಚಿಕೊಂಡರು.

“ಎರಡು ಅದಾವ ಶಿವಸಂಗಪ್ಪಾರ. ಬ್ಯಾಡ ಅನ್ನಬ್ಯಾಡ್ರಿ. ನಮ್ಮ ಹುಡುಗಿ ಕುಬಸ ಇದ್ದಂಗ ಇದು.”

“ಅಹ್ಮದಸಾಬರ, ಒಂದು ಸೀರಿ ಸಾಕಾಗಿತ್ತಲ್ರಿ.”

“ಇಳಕಲ್ಲಾಗ ಸೀರಿ ಯಾರು ಬೇಕಾದ್ರೂ ಕೊಡ್ತಾರ,” ಎಂದಳು ಬಿಬಿಜಾನ.

ಬನಶಂಕರಿಯ ಈರಪ್ಪ ಬಾದಾಮಿಯ ಗೆಳೆಯನ ಮುಚ್ಚಿದ ಲಾಡ್ಜಿನಿಂದ ಎರಡು ತಂದ. ಇಷ್ಟರ ಮೇಲೆ ಕರೆಯದೆಯೇ ಬಂದವರು ಕಸದ ಕಚೇರಿಯ ಸಾಹೇಬರು. ಸಿಪಾಯಿಯ ಕೈಯಲ್ಲಿ ತೆಂಗಿನಕಾಯಿ, ಹಿಂದೆ ಗಾಡಿಯ ಮೇಲೆ ಮೂರು ಮಾನಿಟರು. ಚಹಾದ ಕಲೆ ಇನ್ನೂ ಹಸಿಯಾಗಿತ್ತು.

“ಹಾದಿ ಸಿಕ್ರ ಹೇಳ್ರಿ ಅಂದಿದ್ದೆ, ನೀವು ಹೇಳಲಿಲ್ಲ,” ಎಂದರು ಸಾಹೇಬರು ಹೋಳಿಗೆಯ ಕಡೆ ನೋಡುತ್ತ. “ಊರವರಿಂದ ತಿಳೀತು. ಇದು ಸಾರ್ವಜನಿಕರ ಪರವಾಗಿ ಅಂತ ತಿಳ್ಕೋರಿ.”

ಅವರನ್ನು ನೋಡಿ ಓಣಿಗೆ ಧೈರ್ಯ ಬಂತು. ಎಷ್ಟೋ ವರ್ಷದಿಂದ ಅಟ್ಟದ ಮೇಲೆ, ಮಂಚದ ಕೆಳಗೆ, ಜ್ವಾರಿ ಚೀಲದ ಹಿಂದೆ ಕೂತಿದ್ದ ಸಕಲ ಯಂತ್ರಗಳೂ ಒಂದೊಂದು ಕೊಬ್ಬರಿ ಬಟ್ಟಲಿನ ಸಮೇತ ಶಿವಸಂಗಪ್ಪನ ಮಗಳ ಸೌಭಾಗ್ಯ ಹರಸಲು ಹೊರಟವು. ಮಗಳ ಬಸಿರನ್ನು ಹರಸಿ ಕೊಡುವುದನ್ನು ಯಾವ ತಂದೆ ಒಲ್ಲೆ ಎಂದಾನು. ಶಿವಸಂಗಪ್ಪ ಕೈ ಜೋಡಿಸಿ ಇಸಕೊಂಡ, ಇಸಕೊಂಡ, ಇಸಕೊಂಡೇ ಇಸಕೊಂಡ. ಹಾಡುವ ಹೆಂಗಸರಿಗೆ ಕೂಡಲು ಜಾಗವಿಲ್ಲದೆ ಅವರು ಕಟ್ಟೆಯ ಮೇಲೆ ನಿಂತು ಹಾಡಿದರು. ಕಡೆಗೆ ನೆಲ ತುಂಬಿ, ಹುನಗುಂದದ ಪ್ರಿಂಟರನ್ನು ಸಾರಿಸಿದ ಕುಣಿಯೊಳಗೆ ಇಳಿಬಿಟ್ಟರು. ಅಳತೆಗೆ ಮಾಡಿಸಿದಂತೆ ಕೂತಿತು.

ಕಾಳವ್ವ ಅದನ್ನು ನೋಡಿದಳು. ಆಮೇಲೆ ಆರತಿ ಮುಗಿಸಿದಳು, ಬಂದವರಿಗೆಲ್ಲ ಹೋಳಿಗೆ ಬಡಿಸಿದಳು, ಬೀಗಿತ್ತಿಗೆ ಉಡಿ ತುಂಬಿದಳು. ಎಲ್ಲರೂ ಹೋದ ಮೇಲೆ ಶ್ರುತಿ ಸಣ್ಣ ದನಿಯಲ್ಲಿ ಕೇಳಿದಳು.

“ಯವ್ವಾ, ನೀ ಬಾದಾಮಿಗೆ ಹೋಗ್ತೀ ಏನು?”

“ನಿನ್ನ ಬಾಣಂತನಾ ಯಾರು ಮಾಡ್ತಾರ, ಪ್ರಿಂಟರ್ ಮಾಡತೈತೇನು?” ಎಂದಳು ಕಾಳವ್ವ. ಹಾಗಂದಮೇಲೆ ಅವಳಿಗೂ ತಿಳಿಯಿತು. ಮಗಳನ್ನು ಬಿಟ್ಟು ಹೋಗುವಂತಿಲ್ಲ, ಇಲ್ಲಿ ಮಗ್ಗ ಹೂಡುವಂತಿಲ್ಲ, ಅಮಾವಾಸ್ಯೆ ಯಾರಿಗೂ ನಿಲ್ಲುವುದಿಲ್ಲ. ಅವಳು ಹಿತ್ತಲಿಗೆ ಹೋಗಿ ಮಗ್ಗದ ಮರಗಳನ್ನು ಸುಮ್ಮನೆ ಒರೆಸುತ್ತ ಕೂತಳು. ಗಂಡನಿಗೆ ಬೈದಿದ್ದರೆ ಅವನಿಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಶಿವಸಂಗಪ್ಪ ಮೂರು ದಿನ ಬಿಟ್ಟು ಎದುರಿನ ಗೋದಾಮಿಗೆ ನಡೆದ. ಸ್ವಾಭಿಮಾನ ಎಂಬುದನ್ನು ಹೊಸ್ತಿಲ ಒಳಗೇ ಬಿಟ್ಟಿದ್ದ, ಹೊರಗೆ ತರಲು ದಾರಿಯೂ ಇರಲಿಲ್ಲ.

“ಶಾಬುದ್ದೀನಾ, ತೂಕದ ಲೆಕ್ಕದಾಗ ತಗೋಪಾ.”

“ಬುದ್ಧಿ ಸಹಿತಾನೋ, ಬುದ್ಧಿ ಬಿಟ್ಟೋ?”

“ಪುಕ್ಕಟ ತಗೋ ಮಾರಾಯ.”

ಶಾಬುದ್ದೀನ ತಕ್ಕಡಿ ಹಿಡಿದು ಬಂದ, ಹೆಂಡತಿ ಫರಹಾನಾ ಚೀಲ ಹಿಡಿದು ಬಂದಳು. ಮೊದಲ ಮಾನಿಟರಿಗೆ ಹಗ್ಗ ಬಿಗಿಯುವಷ್ಟರಲ್ಲಿ ಕಂಬದ ಬುಡದಿಂದ ಬಸಲಿಂಗವ್ವನ ದನಿ ಎದ್ದಿತು.

“ಬಸುರಿ ಮಗಳಿಗೆ ಕುಂಕುಮ ಹಚ್ಚಿ ಕೊಟ್ಟದ್ದನ್ನ ತಕ್ಕಡಿಗೆ ಹಾಕ್ತೀಯೇನೋ? ಹುನಗುಂದದ ಬಸ್ಸು ಇದ ಹಾದ್ಯಾಗ ಬರತೈತಿ. ಬೀಗರು ಕೊಟ್ಟದ್ದು ಗುಜರಿ ಮುಂದ ಬಿದ್ದದ್ದನ್ನ ಬೀಗರ ನೋಡಿದ್ರ, ನಾಳೆ ಶ್ರುತಿ ಕೂಸಿನ್ನ ಕರಕೊಂಡು ಯಾವ ಮುಖ ಹೊತ್ತು ಆ ಮನಿಗೆ ಹೋಗಬೇಕು? ಬಾಜೂ ಮನಿ ಬಿಬಿಜಾನ ಕಿಡಿಕ್ಯಾಗ ನಿಂತಾಳ, ಈಗ ನೋಡಾಕತ್ಯಾಳ.”

ಬಿಬಿಜಾನ ನಿಜವಾಗಿಯೂ ಕಿಟಕಿಯಲ್ಲಿ ನಿಂತಿದ್ದಳು. ಶಾಬುದ್ದೀನ ಹಗ್ಗ ಬಿಚ್ಚಿದ.

“ಆಯಿ ಹೇಳೂದು ಖರೆ ಐತ್ರಿ. ಕೊಟ್ಟವರು ಬಂದು ನನ್ನ ಹಿಡಿದು ಕೇಳಿದ್ರ ನಾ ಏನ್ ಹೇಳ್ಲಿ? ಮತ್ತ ನನಗೂ ಈಗ ತಕ್ಕಡಿ ಹಿಡಿಯೋ ರೂಢಿ ತಪ್ಪೇತಿ ಕಾಕಾರ. ಕುಬಸ ಆದಾಗಿಂದ ನನ್ನ ಕಡೆ ಒಂದು ಡಬ್ಬಿ ಸಹಿತ ಬಂದಿಲ್ಲ. ಯಾರನ್ನ ಕೇಳಿದ್ರೂ, ಶಿವಸಂಗಪ್ಪಾರ ಮನ್ಯಾಗ ಮುಂದಿನ ಕಾರ್ಯ ಯಾವಾಗ ಐತಿ ಅಂತ ನನ್ನ ಕೇಳ್ತಾರ. ಇದ್ದ ಮಾಲು ಲಾರಿ ಹೇರಿ ಕಳಿಸೀನಿ. ಗೋದಾಮಿನ್ಯಾಗ ಗುಬ್ಬಿ ಆಡಾಕತ್ಯಾವ.”

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಕಾಳವ್ವ ಒರೆಸುವ ಅರಿವೆಯನ್ನು ಹೆಗಲಿಗೆ ಹಾಕಿಕೊಂಡಳು.

“ಶಾಬುದ್ದೀನಾ, ನಿನ್ನ ಗೋದಾಮಿನ ನೆಲ ಮಣ್ಣಿಂದೋ, ಫರಸೀದೋ?”

“ಮಣ್ಣಿಂದ ಕಾಕಿ.”

“ಬೆಳಕು?”

“ತಗಡು ನಾಲ್ಕು ಕಡೆ ಹರದಾವು. ಬೆಳಕಿಗೆ ಏನ್ ಕಡಿಮಿ?”

“ತಗಡು ಹೊಸಾವು ಹಾಕಸ್ಕೋತೇನಿ. ಕುಣಿ ತೋಡಾಕ ಸಲಿಕಿ ಐತೇನು?”

ಶಾಬುದ್ದೀನ ಗಂಡಸಾದವನು, ಶಿವಸಂಗಪ್ಪನ ಮುಖ ನೋಡಿದ. ಶಿವಸಂಗಪ್ಪ ದೂರಕ್ಕೆ ನೋಡುತ್ತಿದ್ದ. ಉತ್ತರ ಕೊಟ್ಟವಳು ಫರಹಾನಾ.

“ಸಲಿಕಿ ಐತ್ರಿ ಕಾಕಿ. ನನಗ ಲಾಳಿಗೆ ನೂಲಿನ ಕಂಡಿಕಿ ಸುತ್ತಾಕ ಬರತೈತಿ, ನಮ್ಮವ್ವ ಕಲಿಸ್ಯಾಳ. ಕುಂತು ಕುಂತು ಬ್ಯಾಸರಾಗೇತಿ ನನಗೂ.”

ಅಮಾವಾಸ್ಯೆಯ ಒಳಗೆ ಕುಣಿ ಆಯಿತು, ತಗಡು ಆದವು, ಹಿತ್ತಲಲ್ಲಿ ವನವಾಸ ಕಳೆದಿದ್ದ ಮಗ್ಗ ರಸ್ತೆ ದಾಟಿ ಹೋಗಿ ಗೋದಾಮಿನಲ್ಲಿ ನಿಂತಿತು. ಶಿವಸಂಗಪ್ಪನೂ ಒಂದು ಮರ ಹೊತ್ತ. ಹೊತ್ತವರು ನಾಲ್ಕು ಜನ, ದಣಿದವನು ಅವನೊಬ್ಬನೇ. ಅಮಾವಾಸ್ಯೆಯ ಮರುದಿನ ಕಾಳವ್ವ ಹಾಸು ಏರಿಸಿದಳು. ಮುಂಜಾನೆ ಮಗಳಿಗೆ ಗಂಜಿ ಕುಡಿಸಿ, ರಸ್ತೆ ದಾಟಿ ಹೋಗುವಳು. ಗೋದಾಮಿನಿಂದ ಲಾಳಿಯ ಸಪ್ಪಳ ಸಂಜೆಯವರೆಗೆ ಕೇಳುತ್ತಿತ್ತು. ಸಾಹುಕಾರರು ಮೊದಲ ಸೀರೆಯ ಕೊಂಡಿಯನ್ನು ಬೆರಳಲ್ಲಿ ಸವರಿ ನೋಡಿ, ಇನ್ನಷ್ಟು ನೂಲು ಇಳಿಸಿ ಹೋದರು. ಶಾಬುದ್ದೀನ ಕೈಗಾಡಿ ಮಾಡಿಕೊಂಡು ಹಳ್ಳಿ ತಿರುಗತೊಡಗಿದ. ಗೋದಾಮಿನ ಮುಂದಿನ ‘ಗುಜರಿ’ ಬೋರ್ಡು ತೆಗೆಯಲು ಯಾರಿಗೂ ಪುರಸೊತ್ತಾಗಲಿಲ್ಲ.

ಶಿವಸಂಗಪ್ಪ ಮನೆಯಲ್ಲಿಯೇ ಇದ್ದ. ಇರಲೇಬೇಕಿತ್ತು. ಅಷ್ಟೊಂದು ಕಂಪ್ಯೂಟರಿನ ಧೂಳು ಒರೆಸುವುದು ಒಬ್ಬ ಮನುಷ್ಯನ ಪೂರ್ಣಾವಧಿ ಉದ್ಯೋಗ. ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ಹೆಂಡತಿಗೆ ಕೊಡಲು ಹೋಗುವುದೂ ಅವನ ಪಾಲಿಗೇ ಬಂತು.

ಒಂದು ದಿನ ಪಟ್ಟದಕಲ್ಲಿನ ಕಡೆಯವನೊಬ್ಬ ತಲೆಯ ಮೇಲೆ ಹಳೆಯ ಮಾನಿಟರು ಹೊತ್ತು, ಬೋರ್ಡು ಓದಿ, ಗೋದಾಮಿನ ಬಾಗಿಲಲ್ಲಿ ನಿಂತ.

“ಯವ್ವಾ, ಇದನ್ನ ತಗೋತೀರೇನು?”

ಕಾಳವ್ವ ಲಾಳಿ ನಿಲ್ಲಿಸಲಿಲ್ಲ. ಗದ್ದದಿಂದಲೇ ರಸ್ತೆಯಾಚೆ ತೋರಿಸಿದಳು.

“ಆ ಮನ್ಯಾಗ ನಮ್ಮ ಯಜಮಾನ್ರು ಅದಾರ, ಅವರಿಗೆ ಕೊಡ್ರಿ. ಮೊದಲ ಅಂಗಡ್ಯಾಗ ಒಂದು ಕೊಬ್ರಿ ಬಟ್ಟಲಾ, ಒಂದೀಟು ಕುಂಕುಮ ತಗೋರಿ. ಹಂಗ ಬರಿಗೈಲೆ ಕೊಟ್ರ ಅವರು ಇಸ್ಕೊಳ್ಳಾಂಗಿಲ್ಲ.”